ಬೆರಳು ಪಳಗುವ ತನಕ ಭಾವ ಕಾಯಬೇಕೆ?

ಮೂವತ್ತೋ ನಲವತ್ತೋ ದಾಟಿದ ಮೇಲೆ ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೊ ಕಲಿಯಲು ಕೂರುವವರು ಬಹುಪಾಲು ಒಂದು ಅನುಕ್ರಮವನ್ನು ಪ್ರಶ್ನಿಸದೆ ಒಪ್ಪಿಕೊಂಡಿರುತ್ತಾರೆ. ಮೊದಲು ಸ್ವರಗಳು ತಪ್ಪಿಲ್ಲದೆ ಬರಲಿ, ಆಮೇಲೆ ಲಯ ನಿಲ್ಲಲಿ, ಆಮೇಲೆ ವೇಗ ಕೂಡಿಬರಲಿ. ಇಷ್ಟೆಲ್ಲ ಆದ ಮೇಲೆ ಭಾವದ ವಿಚಾರ. ಕಲಿಸುವವರಲ್ಲೂ ಅನೇಕರು ಇದೇ ದಾರಿ ಹಿಡಿಯುತ್ತಾರೆ. ಮಕ್ಕಳ ಮಟ್ಟಿಗೆ ಇದರಿಂದ ದೊಡ್ಡ ನಷ್ಟವಾಗದೇ ಇರಬಹುದು. ಅವರ ಮುಂದೆ ಬೇಕಾದಷ್ಟು ವರ್ಷಗಳಿವೆ. ಕೆಲಸ, ಮನೆ, ಓಡಾಟಗಳ ನಡುವೆ ದಿನಕ್ಕೆ ಅರ್ಧ ಗಂಟೆ ಹೊಂದಿಸಿಕೊಳ್ಳುವುದೇ ಕಷ್ಟವಾಗಿರುವ ವಯಸ್ಕರಿಗೆ ಮಾತ್ರ ಆ ‘ಆಮೇಲೆ’ ಬರುವುದೇ ಇಲ್ಲ. ಒಂದು ಕೃತಿಯ ಸ್ವರಗಳು ಕೈಗೆ ಕೂರುವಷ್ಟರಲ್ಲಿ ಅದಕ್ಕಿಂತ ಕಷ್ಟದ ಇನ್ನೊಂದು ಎದುರಿಗೆ ಬಂದಿರುತ್ತದೆ. ಕೆಲವು ವರ್ಷ ಕಳೆದ ಮೇಲೆ ನೋಡಿದರೆ, ಸ್ವರಗಳೆಲ್ಲ ಸರಿಯಿದ್ದೂ ಕೇಳುವವರಿಗೆ ಏನನ್ನೂ ಹೇಳದ ಒಂದಷ್ಟು ಕೃತಿಗಳು ಕೈಯಲ್ಲಿ ಉಳಿದಿರುತ್ತವೆ. ಈ ಲೇಖನದ ವಾದ ಇಷ್ಟು: ಪಿಯಾನೊದಲ್ಲಿ ಭಾವವನ್ನು ಮೂಡಿಸುವುದೇ ಒಂದು ತಂತ್ರ, ಅದಕ್ಕೆ ಅದರದ್ದೇ ಸಾಧನಗಳಿವೆ, ನಿಯಮಗಳಿವೆ. ಅದನ್ನು ವಯಸ್ಕ ಆರಂಭಿಕರು ಮೊದಲ ತಿಂಗಳಿಂದಲೇ, ತಮ್ಮ ಬೆರಳಿನ ಸಾಮರ್ಥ್ಯಕ್ಕಿಂತ ಸಾಕಷ್ಟು ಸುಲಭವಾದ ಕೃತಿಗಳಲ್ಲಿ ಕಲಿಯಬಲ್ಲರು, ಕಲಿಯಲೂ ಬೇಕು.

ವಾದ ಶುರುವಾಗಬೇಕಾದದ್ದು ವಾದ್ಯದ ಒಡಲಿನಿಂದ. ಫ್ಲಾರೆನ್ಸಿನ ಮೆಡಿಚಿ ಮನೆತನದ ಆಶ್ರಯದಲ್ಲಿದ್ದ ಬಾರ್ತೊಲೊಮಿಯೊ ಕ್ರಿಸ್ತೊಫೊರಿ 1700ರ ಹೊತ್ತಿಗೆ ಒಂದು ಹೊಸ ಕೀಲಿಮಣೆ ವಾದ್ಯವನ್ನು ಕಟ್ಟಿದ್ದ. ಅದಕ್ಕೂ ಹಿಂದಿನ ಹಾರ್ಪ್ಸಿಕಾರ್ಡ್‌ನಲ್ಲಿ ಕೀ ಒತ್ತಿದರೆ ಒಂದು ಪುಟ್ಟ ಮೀಟುಗಡ್ಡಿ ತಂತಿಯನ್ನು ಮೀಟುತ್ತಿತ್ತು. ಹೇಗೆ ಒತ್ತಿದರೂ ನಾದದ ಜೋರು ಹೆಚ್ಚುಕಡಿಮೆ ಒಂದೇ. ಕ್ರಿಸ್ತೊಫೊರಿ ಆ ಜಾಗಕ್ಕೆ ಸುತ್ತಿಗೆಯನ್ನು ತಂದ. ಅದಕ್ಕಿಂತ ಮುಖ್ಯವಾಗಿ, ಸುತ್ತಿಗೆಯು ತಂತಿಯನ್ನು ಮುಟ್ಟುವ ಮುನ್ನವೇ ಕೀಯ ಹಿಡಿತದಿಂದ ಕಳಚಿಕೊಳ್ಳುವ ಏರ್ಪಾಡು ಮಾಡಿದ. ಇಂದಿನ ಪಿಯಾನೊದಲ್ಲೂ ನಡೆಯುವುದು ಅದೇ. ಕೀ ಕೆಳಗಿಳಿಯುವುದು ಸುಮಾರು 10 ಮಿಲಿಮೀಟರ್. ಆ ಇಳಿತದ ಕೊನೆಯ ಹಂತದಲ್ಲಿ ಸುತ್ತಿಗೆ ಸ್ವತಂತ್ರವಾಗಿ ಹಾರಿ ತಂತಿಗೆ ಬಡಿದು ಹಿಂದೆ ಬೀಳುತ್ತದೆ. ಆ ಕ್ಷಣದ ಮೇಲೆ ನುಡಿಸುವವರಿಗೆ ಯಾವ ಅಧಿಕಾರವೂ ಇಲ್ಲ. ಪಿಟೀಲಿನಲ್ಲಿ ಸ್ವರ ಹುಟ್ಟಿದ ಮೇಲೂ ಕಮಾನಿನಿಂದ ಅದನ್ನು ಹಿಗ್ಗಿಸಬಹುದು, ಬೆರಳಿನಿಂದ ಅಲುಗಿಸಬಹುದು. ಪಿಯಾನೊದ ಸ್ವರವಾದರೋ ಹುಟ್ಟಿದ ಗಳಿಗೆಯಿಂದಲೇ ಕ್ಷೀಣಿಸತೊಡಗುತ್ತದೆ. ಅದನ್ನು ಬೆಳೆಸಲು ಯಾವ ಮಾಂತ್ರಿಕನಿಗೂ ಸಾಧ್ಯವಿಲ್ಲ. ಹೀಗಾಗಿ ಒಂದು ಸ್ವರದ ವಿಷಯದಲ್ಲಿ ನುಡಿಸುವವರ ಕೈಯಲ್ಲಿರುವುದು ಮುಖ್ಯವಾಗಿ ನಾಲ್ಕು ಸಂಗತಿಗಳು: ಸುತ್ತಿಗೆ ಎಷ್ಟು ವೇಗವಾಗಿ ಹೊರಡಬೇಕು, ಯಾವಾಗ ಬಡಿಯಬೇಕು, ಕೀಯನ್ನು ಯಾವಾಗ ಬಿಡಬೇಕು, ಪೆಡಲ್ ಏನು ಮಾಡುತ್ತಿರಬೇಕು.

‘ಸ್ಪರ್ಶ’ದ ಕುರಿತು ಪಿಯಾನೊ ಲೋಕದಲ್ಲಿ ತಲೆಮಾರುಗಳಿಂದ ನಡೆದುಬಂದ ಚರ್ಚೆಗೂ ಇಲ್ಲೇ ಉತ್ತರವಿದೆ. ಬೆರಳನ್ನು ಹೀಗೆ ಬಾಗಿಸಿದರೆ, ಕೀಯನ್ನು ಹಾಗೆ ಸವರಿದರೆ ಒಂಟಿ ಸ್ವರಕ್ಕೇ ಬೇರೆ ಬಣ್ಣ ಬರುತ್ತದೆಂಬ ನಂಬಿಕೆ ಅನೇಕ ಗುರುಗಳದ್ದು. ಅಮೆರಿಕದ ಬಾಲ್ಟಿಮೋರ್‌ನ ಪೀಬಾಡಿ ಸಂಗೀತ ಶಾಲೆಯ ಓಟೊ ಆರ್ಟ್‌ಮನ್ ಇದನ್ನು ಪ್ರಯೋಗಕ್ಕೆ ಒಡ್ಡಿ, 1925ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಒಂಟಿ ಸ್ವರದ ಗುಣವನ್ನು ನಿರ್ಧರಿಸುವುದು ಸುತ್ತಿಗೆಯ ವೇಗವೇ ಎಂಬ ನಿಲುವಿಗೆ ಬಂದ. ಬೆರಳು ಕೀಗೆ ತಗಲುವ ಸದ್ದು, ಕೀ ತಳಕ್ಕೆ ಬಡಿಯುವ ಸದ್ದು ನಾದಕ್ಕೆ ಒಂದಿಷ್ಟು ಬೆರೆಯುತ್ತದೆಂದು ಆಮೇಲಿನ ಸಂಶೋಧಕರು ತಿದ್ದುಪಡಿ ಸೇರಿಸಿದ್ದಾರೆ. ಆದರೂ ಆ ತೀರ್ಮಾನದ ತಿರುಳು ಉಳಿದಿದೆ. ಇದಕ್ಕೆ ಇನ್ನೊಂದು ಸಾಕ್ಷಿ ಮಿಡಿ. 1983ರಲ್ಲಿ ಬಳಕೆಗೆ ಬಂದ ಆ ಸಂಕೇತ ಪದ್ಧತಿಯಲ್ಲಿ ಪ್ರತಿ ಸ್ವರದ ವೇಗಕ್ಕೆ 1ರಿಂದ 127ರ ತನಕ ಒಂದು ಅಂಕಿ, ಶುರುವಾದ ಕ್ಷಣ, ಬಿಟ್ಟ ಕ್ಷಣ, ಪೆಡಲಿನ ಸ್ಥಿತಿ, ಇಷ್ಟೇ ದಾಖಲಾಗುತ್ತದೆ. ಈ ಒಣ ಅಂಕಿಗಳಿಂದ ಮರಳಿ ನುಡಿಸಿದ ವಾದನದಲ್ಲೂ ನುಡಿಸಿದವರ ಛಾಪು ಗುರುತು ಸಿಗುವಷ್ಟು ಉಳಿಯುತ್ತದೆ. ಅಂದರೆ ಭಾವವೆಂದು ನಾವು ಕರೆಯುವುದು ಒಂಟಿ ಸ್ವರದೊಳಗಿಲ್ಲ. ಈ ಸ್ವರ ಹಿಂದಿನದಕ್ಕಿಂತ ಎಷ್ಟು ಮೆಲು, ಮುಂದಿನದು ಎಷ್ಟು ತಡ, ಬಲಗೈಯ ರಾಗದ ಎಳೆ ಎಡಗೈಯ ಮೇಳಕ್ಕಿಂತ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿಗಿಂತ, ಎಷ್ಟು ಮೇಲೆ ಎಂಬ ಸಂಬಂಧಗಳಲ್ಲಿ ಅದು ಇದೆ. ಆರಂಭಿಕರಿಗೆ ಇದು ಶುಭವಾರ್ತೆ. ಒಂದು ಕೀಯನ್ನು ಕೆಳಗಿಳಿಸಲು ಬೇಕಾದ ಭಾರ ಸುಮಾರು 50 ಗ್ರಾಂ. ಅದಕ್ಕೆ ಬೆರಳು ಉಕ್ಕಾಗಬೇಕಿಲ್ಲ. ಬೇಕಾದದ್ದು ಎರಡು ಸ್ವರಗಳ ನಡುವಿನ ವ್ಯತ್ಯಾಸವನ್ನು ಗುರುತಿಸಬಲ್ಲ ಕಿವಿ, ಆ ವ್ಯತ್ಯಾಸವನ್ನು ಬಯಸಿ ಉಂಟುಮಾಡಬಲ್ಲ ಕೈ.

ಇಲ್ಲಿ ಕನ್ನಡದ ಕೇಳುಗರಿಗೆ ಸಹಜವಾಗಿಯೇ ಒಂದು ಅನುಮಾನ ಏಳುತ್ತದೆ. ಕರ್ನಾಟಕ ಅಥವಾ ಹಿಂದುಸ್ತಾನಿ ಸಂಗೀತದಲ್ಲಿ ಪಳಗಿದ ಕಿವಿ ಜೀವಾಳವನ್ನು ಹುಡುಕುವುದು ಸ್ವರದಿಂದ ಸ್ವರಕ್ಕೆ ಜಾರುವ ದಾರಿಯಲ್ಲಿ, ಗಮಕದಲ್ಲಿ, ಮೀಂಡಿನಲ್ಲಿ. ಕೀಲಿಮಣೆಯಲ್ಲಿ ಆ ದಾರಿಯೇ ಇಲ್ಲ. ಇದೇ ಕಾರಣವನ್ನು ಮುಂದಿಟ್ಟುಕೊಂಡು ಆಕಾಶವಾಣಿ 1940ರಿಂದ ಸುಮಾರು ಮೂರು ದಶಕ ಹಾರ್ಮೋನಿಯಂ ವಾದ್ಯವನ್ನೇ ದೂರವಿಟ್ಟಿತ್ತು. ಜಾರುವಿಕೆಯಿಲ್ಲದ ವಾದ್ಯದಲ್ಲಿ ಭಾವ ಎಲ್ಲಿಂದ ಬಂದೀತು ಎಂಬ ಪ್ರಶ್ನೆ ಹಾಗಾಗಿ ನಮಗೆ ಹೊಸದಲ್ಲ. ಆದರೆ ಪಾಶ್ಚಾತ್ಯ ಪಿಯಾನೊ ಸಂಗೀತ ಆ ಕೊರತೆಯನ್ನು ಬೇರೆ ಕಡೆಯಿಂದ ತುಂಬಿಕೊಂಡಿದೆ. ಒಂದೇ ಹೊತ್ತಿಗೆ ಮೂರು ನಾಲ್ಕು ಎಳೆಗಳು ಕೇಳುತ್ತಿರುವಾಗ ಯಾವುದನ್ನು ಮುಂದೆ ತರಬೇಕು, ಯಾವುದನ್ನು ನೆರಳಿನಲ್ಲಿ ಇಡಬೇಕು ಎಂಬ ಆಯ್ಕೆ ಅಲ್ಲಿದೆ. ದೀರ್ಘ ಸ್ವರವೊಂದು ಕ್ಷೀಣಿಸುತ್ತಾ ಬಂದಾಗ ಅದರ ಉಳಿದ ನಾದದ ಮಟ್ಟಕ್ಕೆ ಮುಂದಿನ ಸ್ವರವನ್ನು ಹೊಂದಿಸಿದರೆ ಎರಡೂ ಒಂದೇ ಉಸಿರಿನಲ್ಲಿ ಹಾಡಿದಂತೆ ಕೇಳುತ್ತವೆ. ಹೊಂದಿಸದಿದ್ದರೆ ಎರಡು ಪೆಟ್ಟುಗಳಂತೆ ಕೇಳುತ್ತವೆ. ಬಲ ಪೆಡಲ್ ಒತ್ತಿದರೆ ತಂತಿಗಳ ಮೇಲಿನ ತಡೆಗಳೆಲ್ಲ ಏಳುತ್ತವೆ, ನುಡಿಸದ ತಂತಿಗಳೂ ಅನುರಣಿಸುತ್ತವೆ. ಮೇಳ ಬದಲಾದ ಕೂಡಲೇ ಪೆಡಲನ್ನು ಬಿಟ್ಟು ಮತ್ತೆ ಹಿಡಿಯದಿದ್ದರೆ ಹಳೆಯ ನಾದ ಹೊಸದನ್ನು ಕಲಕುತ್ತದೆ. ನಮ್ಮ ಕಿವಿ ಇವುಗಳನ್ನು ಕೇಳಲು ರೂಢಿಮಾಡಿಕೊಂಡಿಲ್ಲ, ಅಷ್ಟೆ. ಒಂದು ಸ್ವರದ ಸುತ್ತ ಸುಳಿಯುವ ಶ್ರುತಿಯನ್ನು ಹಿಡಿಯಬಲ್ಲ ಕಿವಿ ಈ ಸೂಕ್ಷ್ಮಗಳನ್ನೂ ಹಿಡಿಯಬಲ್ಲದು, ಅದರ ಗಮನವನ್ನು ಅತ್ತ ತಿರುಗಿಸಿದರೆ.

ಹಾಗಾದರೆ ಈ ಏರಿಳಿತಗಳನ್ನು ಎಲ್ಲಿ ಮಾಡಬೇಕು? ಮನಸ್ಸಿಗೆ ಬಂದಲ್ಲಿಯೇ? ಇಲ್ಲಿ ಬ್ರೂನೊ ರೆಪ್ ಎಂಬ ಸಂಶೋಧಕ 1992ರಲ್ಲಿ ಪ್ರಕಟಿಸಿದ ಅಧ್ಯಯನ ದಾರಿ ತೋರಿಸುತ್ತದೆ. ಶೂಮನ್‌ನ ‘ಟ್ರಾಯ್ಮರೈ’ ಎಂಬ ಪುಟ್ಟ ಕೃತಿಯನ್ನು 24 ಪ್ರಸಿದ್ಧ ಪಿಯಾನೊ ವಾದಕರು ನುಡಿಸಿದ 28 ಧ್ವನಿಮುದ್ರಣಗಳನ್ನು ಆತ ಸ್ವರಸ್ವರವಾಗಿ ಅಳೆದ. ಯಾರೊಬ್ಬರೂ ಮೆಟ್ರೊನೋಮಿನಂತೆ ನುಡಿಸಿರಲಿಲ್ಲ, ಒಬ್ಬರಂತೆ ಇನ್ನೊಬ್ಬರೂ ನುಡಿಸಿರಲಿಲ್ಲ. ಆದರೂ ಆ ವೈವಿಧ್ಯದ ಅಡಿಯಲ್ಲಿ ಎಲ್ಲರಿಗೂ ಸಾಮಾನ್ಯವಾದ ಒಂದು ರೇಖೆಯಿತ್ತು: ಸಂಗೀತದ ವಾಕ್ಯ ಮುಗಿಯುವಲ್ಲಿ ಕಾಲ ಹಿಗ್ಗುತ್ತದೆ, ದೊಡ್ಡ ಭಾಗವೊಂದು ಮುಗಿಯುವಲ್ಲಿ ಇನ್ನೂ ಹೆಚ್ಚು ಹಿಗ್ಗುತ್ತದೆ. ಭಾವವು ಕೃತಿಯ ರಚನೆಗೆ ಅಂಟಿಕೊಂಡಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ. ಕಾವ್ಯವಾಚನ ಮಾಡುವವರು ಕುಮಾರವ್ಯಾಸನ ಷಟ್ಪದಿಯನ್ನು ಹಾಡುವ ಮುನ್ನ ಪದಗಳನ್ನು ಅರ್ಥಕ್ಕೆ ತಕ್ಕಂತೆ ಬಿಡಿಸಿಕೊಳ್ಳುತ್ತಾರೆ. ಎಲ್ಲಿ ಬಿಡಿಸಬೇಕೆಂದು ತಿಳಿಯದವರು ಎಷ್ಟು ಇಂಪಾಗಿ ಹಾಡಿದರೂ ಪದ್ಯ ಕೆಡುತ್ತದೆ. ಪಿಯಾನೊ ಕೃತಿಗೂ ಅಂಥ ಬಿಡಿಸುವಿಕೆ ಬೇಕು. ವಾಕ್ಯ ಎಲ್ಲಿ ಶುರು, ಎಲ್ಲಿಗೆ ಹೋಗುತ್ತಿದೆ, ಅದರ ಶಿಖರ ಯಾವುದು, ಎಲ್ಲಿ ನಿಲ್ಲುತ್ತದೆ, ಯಾವ ಮೇಳ ಬಿಗಿ, ಯಾವುದು ಬಿಡುಗಡೆ? ಇದು ಓದಿ, ಹಾಡಿ, ಯೋಚಿಸಿ ಕಂಡುಕೊಳ್ಳಬಹುದಾದ ಜ್ಞಾನ. ಇಲ್ಲಿ ಏಳು ವರ್ಷದ ಮಗುವಿಗಿಂತ ನಲವತ್ತರ ಕಲಿಕೆಗಾರರದೇ ಮೇಲುಗೈ. ಕಥೆಯ ಕಟ್ಟು, ಮಾತಿನ ಒತ್ತು, ಹಾಡಿನ ನಿಲುಗಡೆ ಇವುಗಳ ಅನುಭವ ಅವರಲ್ಲಿ ಆಗಲೇ ಶೇಖರವಾಗಿದೆ.

ಒಂದು ಉದಾಹರಣೆಯನ್ನು ನಿಧಾನವಾಗಿ ನೋಡಬಹುದು. ಪಿಯಾನೊ ಕಲಿಯುವ ಬಹುತೇಕ ಎಲ್ಲರೂ ಮೊದಲ ವರ್ಷ ಎರಡನೆಯ ವರ್ಷಗಳಲ್ಲಿ ನುಡಿಸುವ ಜಿ ಮೇಜರ್ ಮಿನ್ಯುಯೆಟ್ ಒಂದಿದೆ. ಬಹುಕಾಲ ಬಾಖ್‌ನದೆಂದೇ ತಿಳಿದಿದ್ದ ಅದು ಕ್ರಿಶ್ಚಿಯನ್ ಪೆಟ್ಸೋಲ್ಟ್‌ನ ರಚನೆ. ಶಂಕರಾಭರಣದ ಸ್ವರಸ್ಥಾನಗಳಲ್ಲೇ ಅಡ್ಡಾಡುವ, ಮೂರು ಮಾತ್ರೆಯ ಈ ಕುಣಿತದ ಮೊದಲ ಎರಡು ಬಾರ್‌ಗಳಲ್ಲಿ ರಾಗ ಪಂಚಮದಲ್ಲಿ ಶುರುವಾಗಿ ಷಡ್ಜಕ್ಕಿಳಿದು, ಅಲ್ಲಿಂದ ಪಂಚಮಕ್ಕೆ ಏರಿ, ಮತ್ತೆ ಷಡ್ಜಕ್ಕೆ ಬಿದ್ದು ಅದನ್ನೇ ಎರಡು ಸಲ ನುಡಿಯುತ್ತದೆ. ಮುಂದಿನ ಎರಡು ಬಾರ್‌ಗಳು ಅದೇ ಆಕಾರವನ್ನು ಇನ್ನಷ್ಟು ಎತ್ತರದಲ್ಲಿ ಮತ್ತೆ ಹೇಳಿ ತಾರ ಷಡ್ಜವನ್ನು ಮುಟ್ಟುತ್ತವೆ. ಸ್ವರಗಳ ಮಟ್ಟಿಗೆ ಇದು ಕೆಲವೇ ದಿನಗಳ ಕೆಲಸ. ಆದರೆ ಕೇಳಬೇಕಾದ ಪ್ರಶ್ನೆಗಳು ಈಗ ಶುರುವಾಗುತ್ತವೆ. ಏರುವ ನಾಲ್ಕು ಸ್ವರಗಳು ಸಮವಾಗಿರಬೇಕೆ, ಅಥವಾ ಪಂಚಮದತ್ತ ಸ್ವಲ್ಪ ಸ್ವಲ್ಪವೇ ಬೆಳೆಯಬೇಕೆ? ಕೊನೆಯ ಎರಡು ಷಡ್ಜಗಳು ಒಂದೇ ತೂಕದವಾದರೆ ಕುಣಿತ ಹೆಜ್ಜೆ ಕಿತ್ತಿಡುವುದಿಲ್ಲ. ಎರಡನೆಯದನ್ನು ಹಗುರ ಮಾಡಿ, ಎರಡನ್ನೂ ತುಸು ಬಿಡಿಸಿ ನುಡಿಸಿದರೆ? ಎರಡನೆಯ ಮಾತು ಮೊದಲನೆಯದಕ್ಕಿಂತ ಎತ್ತರಕ್ಕೆ ಹೋಗುವುದರಿಂದ ಅದು ಹೆಚ್ಚು ಧೈರ್ಯದ್ದಾಗಬೇಕೆ? ಎಡಗೈ ತನ್ನ ಹೆಜ್ಜೆಯಿಂದ ಆಸರೆ ಕೊಡುತ್ತಿದೆಯೆ, ಅಥವಾ ಬಲಗೈಯನ್ನು ಮುಚ್ಚುತ್ತಿದೆಯೆ? ಎಂಟು ಬಾರ್ ಮುಗಿಯುವಲ್ಲಿ ಎಷ್ಟು ಉಸಿರು ತೆಗೆದುಕೊಂಡರೆ ಕುಣಿತ ನಿಲ್ಲದೆ ವಾಕ್ಯ ಮುಗಿದಂತೆ ಕೇಳುತ್ತದೆ? ಈ ಒಂದೊಂದು ಪ್ರಶ್ನೆಗೂ ಉತ್ತರ ಸುತ್ತಿಗೆಯ ವೇಗ, ಕಾಲ, ಬಿಡುವು ಇವುಗಳ ಖಚಿತವಾದ ಬದಲಾವಣೆ. ಹೀಗೆ ಎಂಟು ಬಾರ್‌ಗಳೊಳಗೆ ಭಾವತಂತ್ರದ ಪೂರ್ತಿ ಪಠ್ಯವೇ ಅಡಗಿದೆ.

ಇಷ್ಟು ಸುಲಭದ ಕೃತಿಯಲ್ಲಿ ಇಷ್ಟೊಂದು ಇದ್ದರೂ ಆರಂಭಿಕರ ವಾದನ ಯಾಕೆ ಚಪ್ಪಟೆಯಾಗಿ ಕೇಳುತ್ತದೆ? ಭಾವನೆಯ ಬಡತನ ಇದಕ್ಕೆ ಕಾರಣವಲ್ಲ. ಸ್ವರಲಿಪಿ ಓದುವುದು, ಬೆರಳನ್ನು ಹುಡುಕುವುದು, ಎರಡು ಕೈ ಕೂಡಿಸುವುದು ಇವುಗಳಿಗೇ ಗಮನ ಪೂರ್ತಿ ಖರ್ಚಾದರೆ ಕೇಳಲು ಏನೂ ಉಳಿಯುವುದಿಲ್ಲ. ಕೃತಿ ಕಷ್ಟದ್ದಾದಷ್ಟೂ ಕಿವಿ ಮುಚ್ಚುತ್ತದೆ. ಹಾಗೆ ಕಿವಿ ಮುಚ್ಚಿ ಮಾಡಿದ ಅಭ್ಯಾಸ ವ್ಯರ್ಥವಾದರೆ ಸರಿಯೆನ್ನಬಹುದಿತ್ತು. ಅದು ಅದಕ್ಕಿಂತ ಕೆಟ್ಟದ್ದನ್ನು ಮಾಡುತ್ತದೆ. ಹ್ಯಾನೋವರ್‌ನ ಮಾರ್ಕ್ ಬಾಂಗರ್ಟ್ ಮತ್ತು ಎಕಾರ್ಟ್ ಆಲ್ಟೆನ್‌ಮ್ಯುಲರ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯಾವ ವಾದ್ಯವನ್ನೂ ನುಡಿಸದಿದ್ದ ವಯಸ್ಕರಿಗೆ ತಲಾ 20 ನಿಮಿಷದ ಪಿಯಾನೊ ಅಭ್ಯಾಸವನ್ನು ಐದು ವಾರ ಕೊಡಲಾಯಿತು. ಮೊದಲ 20 ನಿಮಿಷದ ಬಳಿಕವೇ, ಕೇಳುವಾಗ ಕೈಯ ಚಲನೆಗೂ ಮೂಕ ಕೀಗಳನ್ನು ಒತ್ತುವಾಗ ಶ್ರವಣಕ್ಕೂ ಸಂಬಂಧಿಸಿದ ಚಟುವಟಿಕೆಗಳು ಮಿದುಳಿನಲ್ಲಿ ಹೆಣೆದುಕೊಳ್ಳತೊಡಗಿದ್ದವು. ಯಾವ ಕೀಗೆ ಯಾವ ಸ್ವರವೆಂಬುದನ್ನು ಆಗಾಗ ಅದಲುಬದಲು ಮಾಡಿದ ಇನ್ನೊಂದು ಗುಂಪಿನಲ್ಲಿ ಆ ಹೆಣಿಗೆ ಹಾಗೆ ಬೆಳೆಯಲಿಲ್ಲ. ಕಿವಿಗೂ ಕೈಗೂ ಮೊದಲ ದಿನದಿಂದಲೇ ನಂಟು ಬೆಳೆಯುತ್ತದೆ ಎಂದಾದರೆ, ನಾವು ಯಾವ ನಾದವನ್ನು ಕೇಳಿಕೊಂಡು ಅಭ್ಯಾಸ ಮಾಡುತ್ತೇವೋ ಆ ನಾದಕ್ಕೇ ಕೈ ಒಗ್ಗುತ್ತದೆ. ಸಪಾಟಾದ ನಾದವನ್ನು ಸಾವಿರ ಸಲ ನುಡಿಸಿ, ಆಮೇಲೆ ಭಾವ ಸೇರಿಸುತ್ತೇನೆ ಎನ್ನುವವರು ಸಾವಿರ ಸಲ ಕಲಿತದ್ದನ್ನು ಮೊದಲು ಮರೆಯಬೇಕಾಗುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು: ಬೆರಳೇ ಮಾತು ಕೇಳದಿದ್ದರೆ ಉದ್ದೇಶ ಎಷ್ಟು ಚೆಂದವಿದ್ದು ಏನು ಪ್ರಯೋಜನ? ಚೆರ್ನಿಯ ವೇಗಾಭ್ಯಾಸಗಳು, 1873ರಲ್ಲಿ ಬಂದ ಹ್ಯಾನನ್‌ನ 60 ಅಭ್ಯಾಸಗಳು ಸುಮ್ಮನೆ ತಲೆಮಾರುಗಳ ಕಾಲ ಉಳಿದಿವೆಯೆ? ಬೆರಳಿಗೆ ತರಬೇತಿ ಬೇಕು ಎಂಬುದರಲ್ಲಿ ತಕರಾರಿಲ್ಲ. ತಕರಾರು ಇರುವುದು ತರಬೇತಿಯನ್ನು ಕೇಳುವಿಕೆಯಿಂದ ಬೇರ್ಪಡಿಸುವುದರಲ್ಲಿ. ಟೆಕ್ಸಾಸ್ ವಿಶ್ವವಿದ್ಯಾಲಯದ ರಾಬರ್ಟ್ ಡ್ಯೂಕ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 17 ಪಿಯಾನೊ ವಿದ್ಯಾರ್ಥಿಗಳು ಶೋಸ್ತಕೋವಿಚ್‌ನ ಕನ್ಚೆರ್ಟೊದ ಮೂರು ಬಾರ್‌ಗಳನ್ನು ಅಭ್ಯಾಸ ಮಾಡಿ ಮರುದಿನ ನುಡಿಸಿ ತೋರಿಸಿದರು. ಎಷ್ಟು ಹೊತ್ತು ಅಭ್ಯಾಸ ಮಾಡಿದರು, ಎಷ್ಟು ಸಲ ನುಡಿಸಿದರು ಎಂಬುದಕ್ಕೂ ಮರುದಿನದ ಗುಣಮಟ್ಟಕ್ಕೂ ನಂಟು ಕಾಣಲಿಲ್ಲ. ಮುಂದಿದ್ದವರು ತಪ್ಪಿನ ಜಾಗವನ್ನು ಖಚಿತವಾಗಿ ಗುರುತಿಸಿ, ನಿಧಾನಿಸಿ, ಅಲ್ಲೇ ತಿದ್ದಿಕೊಂಡಿದ್ದರು. ಜೊತೆಗೆ ಶುರುವಿನಿಂದಲೇ ಏರಿಳಿತ ಸಹಿತವಾಗಿ ನುಡಿಸುತ್ತಿದ್ದರು. ಅವರು ಆರಂಭಿಕರಲ್ಲ ಎಂಬುದು ನಿಜ. ಆದರೆ ಏರಿಳಿತ ಕೊನೆಗೆ ಬರುವ ಸಂಗತಿಯಾಗಿದ್ದರೆ ನುರಿತವರಾದರೂ ಅದನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದರಲ್ಲವೆ? ಪರಂಪರೆಯ ಸಾಕ್ಷಿಯೂ ಇತ್ತಲೇ ವಾಲುತ್ತದೆ. ಬಾಖ್ 1723ರಲ್ಲಿ ತನ್ನ ‘ಇನ್ವೆನ್ಷನ್’ಗಳ ಮುಖಪುಟದಲ್ಲಿ ಅವು ಕೀಲಿಮಣೆಯ ಪ್ರಿಯರಿಗಾಗಿ, ಕಲಿಯಬಯಸುವವರಿಗಾಗಿ ಎಂದು ಹೇಳಿ, ಹಾಡಿದಂತೆ ನುಡಿಸುವ ಬಗೆಯನ್ನು ಎಲ್ಲಕ್ಕಿಂತ ಮುಖ್ಯ ಗುರಿಯಾಗಿ ಇಟ್ಟ. ಶೋಪ್ಯಾನ್ ತಾನು ಬರೆದು ಮುಗಿಸದ ಪಾಠಕ್ರಮದ ಟಿಪ್ಪಣಿಗಳಲ್ಲಿ, ಐದು ಬೆರಳುಗಳನ್ನೂ ಸಮಬಲ ಮಾಡುವ ಹಟವನ್ನು ಬಿಟ್ಟು, ಒಂದೊಂದು ಬೆರಳಿನ ಸಹಜ ಗುಣವನ್ನು ಬಳಸಿಕೊಳ್ಳಬೇಕೆಂದ.

ಎರಡನೆಯ ಆಕ್ಷೇಪ ವಯಸ್ಸಿನದು, ಪ್ರತಿಭೆಯದು. ಭಾವ ಹುಟ್ಟಿನಿಂದ ಬರಬೇಕು, ಇಲ್ಲವೇ ಬಾಲ್ಯದಲ್ಲಿ ಬರಬೇಕು; ಮಿದುಳು ಗಟ್ಟಿಯಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. ಸಂಗೀತ ಕಚೇರಿಯ ಪಿಯಾನೊ ವಾದಕರ ಮಿದುಳನ್ನು ಪರೀಕ್ಷಿಸಿ ಸ್ಟಾಕ್‌ಹೋಮಿನ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಲ್ಯದ ಅಭ್ಯಾಸದ ಗುರುತುಗಳೇ ಹೆಚ್ಚು ವ್ಯಾಪಕವಾಗಿದ್ದವು. ತಡವಾಗಿ ಶುರುಮಾಡಿದವರು ಲಿಸ್ಟ್‌ನ ಮಹಾಕೃತಿಗಳನ್ನು ವೇದಿಕೆಯ ಮೇಲೆ ನುಡಿಸುವ ಕನಸನ್ನು ಬದಿಗಿಡುವುದೇ ವಿವೇಕ. ಆದರೆ ಅದೇ ಅಧ್ಯಯನ ವಯಸ್ಕರಾದ ಮೇಲಿನ ಅಭ್ಯಾಸಕ್ಕೂ, ಸೀಮಿತ ಭಾಗಗಳಲ್ಲಾದರೂ, ಗುರುತು ಕಂಡಿತು. ಹ್ಯಾನೋವರಿನ ಆರಂಭಿಕರೂ ವಯಸ್ಕರೇ. ಇಲ್ಲಿ ಎರಡು ಮಿತಿಗಳನ್ನು ಬೇರ್ಪಡಿಸಿ ನೋಡಬೇಕು. ಅತಿವೇಗ, ದೂರದ ಜಿಗಿತ, ಒಂದೇ ಕೈಯಲ್ಲಿ ಹಲವು ಎಳೆ ಇವುಗಳಿಗೆ ತಡವಾದ ಆರಂಭ ನಿಜವಾದ ಅಡ್ಡಿ. ನಿಧಾನಗತಿಯ ಒಂದು ರಾಗದ ಎಳೆಯನ್ನು ಅರ್ಥವತ್ತಾಗಿ ಏರಿಸಿ ಇಳಿಸುವುದಕ್ಕೆ ಅಂಥ ಅಡ್ಡಿಯಿಲ್ಲ. ಕಷ್ಟದ ಕೃತಿಗಳ ಬೆನ್ನುಹತ್ತಿದ ವಯಸ್ಕರು ತಮಗೆ ಅತಿ ಅನನುಕೂಲವಾದ ಕಣದಲ್ಲೇ ಹೋರಾಡುತ್ತಿರುತ್ತಾರೆ; ಅನುಕೂಲವಾದ ಕಣವನ್ನು ಮಕ್ಕಳದೆಂದು ಬಿಟ್ಟುಕೊಡುತ್ತಾರೆ.

ಲೆಕ್ಕ ಹಾಕಿ ನುಡಿಸಿದ ಭಾವ ನಾಟಕದಂತೆ ಕೃತಕವಾಗುವುದಿಲ್ಲವೆ ಎಂಬುದು ಮೂರನೆಯ ಪ್ರಶ್ನೆ. ಇಲ್ಲಿ ಹೆಚ್ಚು ಮಾಡು, ಅಲ್ಲಿ ಕಡಿಮೆ ಮಾಡು ಎಂದು ಗೆರೆ ಹಾಕಿಕೊಂಡು ನುಡಿಸುವುದು ಶುರುವಿನಲ್ಲಿ ಕೃತಕವಾಗಿಯೇ ಕೇಳಬಹುದು. ಆದರೆ ಆರಂಭಿಕರ ಕಿವಿಗೆ ‘ತುಂಬಾ ಹೆಚ್ಚಾಯಿತು’ ಅನ್ನಿಸುವ ವ್ಯತ್ಯಾಸ ಎದುರು ಕೂತವರಿಗೆ ಎಷ್ಟೋ ಸಲ ಕೇಳಿಸುವುದೇ ಇಲ್ಲ. ನುಡಿಸುವವರು ತಮ್ಮ ಉದ್ದೇಶವನ್ನು ಕೇಳಿಕೊಳ್ಳುತ್ತಿರುತ್ತಾರೆ, ಉಳಿದವರು ನಾದವನ್ನು ಕೇಳುತ್ತಾರೆ. ರೆಪ್ ಮುಂದೆ ಸಂಗೀತ ಶಾಲೆಯ ವಿದ್ಯಾರ್ಥಿಗಳಿಂದಲೂ ಅದೇ ‘ಟ್ರಾಯ್ಮರೈ’ ನುಡಿಸಿ ನೋಡಿದಾಗ ಅವರ ಕಾಲದ ರೇಖೆ ಸರಾಸರಿಯಲ್ಲಿ ಪ್ರಸಿದ್ಧರದನ್ನೇ ಹೋಲುತ್ತಿತ್ತು; ಒಬ್ಬರಿಂದೊಬ್ಬರಿಗೆ ವೈವಿಧ್ಯ ಮಾತ್ರ ಕಡಿಮೆಯಿತ್ತು. ಅಂದರೆ ಎಲ್ಲರಿಗೂ ಸಾಮಾನ್ಯವಾದ ವ್ಯಾಕರಣ ಮೊದಲು ಬರುತ್ತದೆ, ಸ್ವಂತ ದನಿ ಅದರ ಮೇಲೆ ಬೆಳೆಯುತ್ತದೆ. ಆ ವ್ಯಾಕರಣವನ್ನು ಪಡೆಯುವ ದಾರಿ ಕೇಳ್ಮೆ. ಇಲ್ಲಿ ಮೈಸೂರಿಗೆ ಒಂದು ಹೆಮ್ಮೆಯ ಪಾಲಿದೆ. ಸ್ವತಃ ಪಿಯಾನೊ ಕಲಿತಿದ್ದ ಜಯಚಾಮರಾಜ ಒಡೆಯರು, ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ನಿಕೊಲಾಯ್ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ಧ್ವನಿಮುದ್ರಿಸಲು 1940ರ ದಶಕದ ಕೊನೆಯಲ್ಲಿ ಹಣ ಒದಗಿಸಿದರು. ಆತ ತನ್ನ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ. ಬರೆದವನೇ ನುಡಿಸಿದ ಇಂಥ ಮುದ್ರಣಗಳನ್ನು ಸ್ವರಲಿಪಿಯ ಪಕ್ಕದಲ್ಲಿಟ್ಟು ಕೇಳಿದರೆ, ಕಾಗದದ ಮೇಲೆ ಇಲ್ಲದ್ದು ಎಷ್ಟು ಎಂಬುದು ಮನವರಿಕೆಯಾಗುತ್ತದೆ. ಕೇಳಿ ಅನುಕರಿಸುವುದನ್ನು ನಮ್ಮ ಗುರುಪರಂಪರೆ ಎಂದೂ ಕೀಳಾಗಿ ಕಂಡಿಲ್ಲ. ಪಿಯಾನೊ ಕಲಿಯುವಾಗ ಮಾತ್ರ ಪುಸ್ತಕವನ್ನೇ ಗುರುವೆಂದುಕೊಳ್ಳುವುದಕ್ಕೆ ಕಾರಣವಿಲ್ಲ.

ಸುಲಭ ಕೃತಿಗಳು ಮಕ್ಕಳಾಟಿಕೆ, ಬೆಳೆದವರಿಗೆ ಬೇಸರ ಎಂಬ ಕೊನೆಯ ಆಕ್ಷೇಪಕ್ಕೆ ಇತಿಹಾಸವೇ ಉತ್ತರ ಕೊಡುತ್ತದೆ. ಮೇಲೆ ಹೇಳಿದ ಮಿನ್ಯುಯೆಟ್ ಉಳಿದು ಬಂದಿರುವುದು ಬಾಖ್ ತನ್ನ ಹೆಂಡತಿ ಆನ್ನಾ ಮಗ್ದಲೇನಾಳಿಗೆ 1725ರಲ್ಲಿ ಕೊಟ್ಟ ಕೈಬರಹದ ಪುಸ್ತಕದಲ್ಲಿ. ಆಕೆ ವಯಸ್ಕಳು, ವೃತ್ತಿಯಿಂದ ಗಾಯಕಿಯಾಗಿದ್ದವಳು. ‘ಟ್ರಾಯ್ಮರೈ’ ಸೇರಿರುವ 1838ರ ‘ಬಾಲ್ಯದ ದೃಶ್ಯಗಳು’ ಗುಚ್ಛವನ್ನು ಶೂಮನ್ ಬರೆದದ್ದು ಬಾಲ್ಯವನ್ನು ನೆನೆಯುವ ದೊಡ್ಡವರ ಕಣ್ಣಿನಿಂದ. ಪಿಯಾನೊ ವಾದಕ ಹೊರೊವಿಟ್ಸ್ 1986ರಲ್ಲಿ ದಶಕಗಳ ಬಳಿಕ ಮಾಸ್ಕೊಗೆ ಮರಳಿ ನುಡಿಸಿದಾಗ, ಅಷ್ಟೆಲ್ಲ ದೈತ್ಯಕೃತಿಗಳು ಕೈಯಲ್ಲಿದ್ದೂ, ಮರುಕರೆಗೆ ಆ ಪುಟ್ಟ ಕೃತಿಯನ್ನು ನುಡಿಸಿದರು. ಶೋಪ್ಯಾನ್‌ನ ಎ ಮೇಜರ್ ಪ್ರೆಲ್ಯೂಡ್ 16 ಬಾರ್‌ಗಳಲ್ಲಿ ಮುಗಿಯುತ್ತದೆ. ಬಾರ್ಟೋಕ್‌ನ ‘ಮಿಕ್ರೊಕಾಸ್ಮೊಸ್’ನ 153 ಕೃತಿಗಳು ಎರಡು ಕೈಗಳ ಏಕಸ್ವರದಿಂದ ಶುರುವಾದರೂ ಮೊದಲ ಪುಟದಿಂದಲೇ ಸಂಗೀತ. ಬೇಸರ ಹುಟ್ಟುವುದು ಕೃತಿ ಸುಲಭವಿರುವುದರಿಂದಲ್ಲ, ಸ್ವರಗಳು ಬಂದ ಕೂಡಲೇ ಕೆಲಸ ಮುಗಿಯಿತೆಂದು ತಿಳಿಯುವುದರಿಂದ. ಕೆಲಸ ಆಗ ಶುರುವಾಗುತ್ತದೆಂದು ತಿಳಿದವರಿಗೆ ಅದೇ ಕೃತಿ ತಿಂಗಳುಗಟ್ಟಲೆ ಸಾಕಾಗುತ್ತದೆ.

ಇದನ್ನು ಒಪ್ಪಿದರೆ ಅಭ್ಯಾಸದ ರೂಪ ಬದಲಾಗಬೇಕು. ಕೈ ಇಡುವ ಮುನ್ನ ರಾಗದ ಎಳೆಯನ್ನು ಬಾಯಲ್ಲಿ ಹಾಡಬೇಕು. ಬಾಖ್‌ನ ಮಗ ಕಾರ್ಲ್ ಫಿಲಿಪ್ ಇಮ್ಯಾನುಯೆಲ್ 1753ರ ತನ್ನ ಕೀಲಿಮಣೆ ಗ್ರಂಥದಲ್ಲಿ ಕೊಟ್ಟ ಸಲಹೆಯೂ ಇದೇ. ಉಸಿರು ಎಲ್ಲಿ ಬೇಕಾಗುತ್ತದೋ ಅಲ್ಲಿ ವಾಕ್ಯ ಮುಗಿದಿರುವುದೇ ಹೆಚ್ಚು. ಆಮೇಲೆ ನಾಲ್ಕೋ ಎಂಟೋ ಬಾರ್ ತೆಗೆದುಕೊಂಡು ಒಂದು ಸಲಕ್ಕೆ ಒಂದೇ ಸಂಗತಿಯನ್ನು ಬದಲಿಸಬೇಕು: ಮೊದಲು ಎರಡು ಕೈಗಳ ಜೋರಿನ ಅಂತರ, ಆಮೇಲೆ ವಾಕ್ಯದ ಶಿಖರ, ಆಮೇಲೆ ಕೊನೆಯ ಬಿಡುವು, ಕಡೆಗೆ ಪೆಡಲ್. ಎಡಗೈಯನ್ನು ಕೀಗಳ ಮೇಲೆ ಸದ್ದಿಲ್ಲದೆ ಆಡಿಸುತ್ತಾ ಬಲಗೈಯನ್ನು ಮಾತ್ರ ನುಡಿಸಿ ನೋಡುವುದು ಎರಡು ಮಟ್ಟಗಳನ್ನು ಬೇರ್ಪಡಿಸಲು ಒಳ್ಳೆಯ ಉಪಾಯ. ಫೋನಿನಲ್ಲಿ ಮುದ್ರಿಸಿಕೊಂಡು, ಸ್ವಲ್ಪ ಹೊತ್ತು ಬಿಟ್ಟು ಕೇಳಬೇಕು. ನುಡಿಸುವಾಗ ಇಲ್ಲದ ಬಿಡುವಾದ ಗಮನ ಆಗ ಇರುತ್ತದೆ. ವಾದ್ಯದ ವಿಷಯದಲ್ಲಿ ಅತಿ ಹಂಬಲ ಬೇಡ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಗ್ರ್ಯಾಂಡ್ ಪಿಯಾನೊಗೆ ಜಾಗವಿರುವುದಿಲ್ಲ. ಭಾರವಿರುವ ಕೀಗಳು, ಸ್ಪರ್ಶದ ವೇಗಕ್ಕೆ ಸ್ಪಂದಿಸುವ ಗುಣ, ಒಂದು ಪೆಡಲ್ ಇರುವ ಡಿಜಿಟಲ್ ಪಿಯಾನೊ ಈ ಕಲಿಕೆಗೆ ಸಾಕು. ಒತ್ತಡದ ಏರಿಳಿತಕ್ಕೆ ಜಗ್ಗದ ಅಗ್ಗದ ಕೀಬೋರ್ಡ್ ಮಾತ್ರ ಸಾಲದು. ಎಂಟು ಗ್ರೇಡುಗಳ ಪರೀಕ್ಷೆಗಳನ್ನು ಕಟ್ಟುವವರು ಒಂದು ಎಚ್ಚರ ವಹಿಸಬೇಕು. ಪರೀಕ್ಷಕರು ಸಂಗೀತಗುಣಕ್ಕೂ ಅಂಕ ಕೊಡುತ್ತಾರೆ. ಆದರೆ ಮುಂದಿನ ಗ್ರೇಡಿನ ಅವಸರದಲ್ಲಿ ವರ್ಷಕ್ಕೆ ಮೂರೇ ಕೃತಿಗಳನ್ನು, ಅದೂ ಸಾಮರ್ಥ್ಯದ ತುತ್ತತುದಿಯಲ್ಲಿ, ಉಜ್ಜುತ್ತಾ ಕೂರುವುದರಿಂದ ಕಿವಿಗೆ ಬೇಕಾದ ಬಿಡುವೇ ಸಿಗುವುದಿಲ್ಲ. ಕಷ್ಟದ ಕೃತಿ ಒಂದಿರಲಿ. ಅದರ ಪಕ್ಕದಲ್ಲಿ ಎರಡು ಮೆಟ್ಟಿಲು ಕೆಳಗಿನ ಕೃತಿಗಳು ಯಾವಾಗಲೂ ಮೂರಾದರೂ ಇರಲಿ.

ಕೊನೆಗೆ ಪ್ರಶ್ನೆ ಬಂದು ನಿಲ್ಲುವುದು ಪ್ರಗತಿಯನ್ನು ಯಾವುದರಿಂದ ಅಳೆಯಬೇಕು ಎಂಬಲ್ಲಿ. ಎಷ್ಟು ಕಷ್ಟದ ಕೃತಿ ನುಡಿಸುತ್ತೀರಿ ಎಂಬ ಅಳತೆಗೋಲು ವೃತ್ತಿಪರರನ್ನು ಆರಿಸುವುದಕ್ಕೆ ಹುಟ್ಟಿದ್ದು. ಜೀವನದ ನಡುವಿನಲ್ಲಿ ಸಂಗೀತದ ಕಡೆಗೆ ತಿರುಗಿದವರಿಗೆ ಅದು ಹೊಂದುವುದಿಲ್ಲ. ಅವರಿಗೆ ಇನ್ನೊಂದು ಪರೀಕ್ಷೆ ಹೆಚ್ಚು ನ್ಯಾಯವಾದದ್ದು. ಒಂದೇ ಎಂಟು ಬಾರ್‌ಗಳನ್ನು ಎರಡು ಬೇರೆ ಉದ್ದೇಶಗಳಿಂದ ನುಡಿಸಿ. ಮನೆಯಲ್ಲಿ ಸಂಗೀತ ಕಲಿಯದ ಯಾರಾದರೂ ಕೇಳಿ, ಯಾವುದರಲ್ಲಿ ಏನು ಹೇಳಬಯಸಿದಿರಿ ಎಂದು ಗುರುತಿಸಲಿ. ಗುರುತಿಸಲಾಗದಿದ್ದರೆ ಎಂಟನೆಯ ಗ್ರೇಡು ಮುಗಿದಿದ್ದರೂ ಕಲಿಯಬೇಕಾದದ್ದು ಬಾಕಿಯಿದೆ. ಗುರುತಿಸಿದರೆ, ಅದು ಮೊದಲ ವರ್ಷದ ಸರಳ ಮಿನ್ಯುಯೆಟ್ಟೇ ಆಗಿದ್ದರೂ, ಭಾವವನ್ನು ಮೂಡಿಸುವ ತಂತ್ರ ಕೈಗೆ ಬಂದಿದೆ ಎಂದರ್ಥ; ಮುಂದೆ ಬೆಳೆಯಬೇಕಾದದ್ದು ಅದನ್ನು ಬಳಸುವ ಕೃತಿಗಳ ವಿಸ್ತಾರ ಮಾತ್ರ.